ಪುಸ್ತಕದಲ್ಲಿಲ್ಲದ ಕೊಪ್ಪರಿಗೆ

ಇವತ್ತು ನನ್ನ ಮೊಮ್ಮಗಳು ಬಚ್ಚಲಿಗೆ ಹೋಗಿ ಬಿಸಿನೀರು ಮಿಂದಳು! ಇದರಲ್ಲೇನು ದೊಡ್ಡ ಸಂಗತಿ ಎಂದು ಕೇಳುವವರು ಕೇಳಲಿ. ನನಗೆ ಕುಣಿಯಬೇಕೆನ್ನಿಸುತ್ತದೆ. ಮೊಣಕಾಲು ಒಪ್ಪುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಸೊಟ್ಟ ಇರಬಹುದು, ಮಾತು ಸೊಟ್ಟ ಇಲ್ಲ.

ಮಳೆಗಾಲ ಮುಗಿದಂದಿನಿಂದ ಮಗು ಬಚ್ಚಲಿನ ಹತ್ತಿರ ಸುಳಿದಿರಲಿಲ್ಲ. ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು ನಡುಗುತ್ತಾ ಬರುತ್ತಿದ್ದಳು. ಆಮೇಲೆ ಬಿಸಿ ಗಂಜಿಯೂ ಬೇಡವಾಯಿತು. ಒಲೆಯ ಮೇಲೆ ಏನಾದರೂ ಕುದಿಯುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ತಂಗಳು ಮಾತ್ರ ತಿಂದು ಕೆನ್ನೆ ಒಳಗೆ ಹೋಯಿತು. ಮೂಡಬಿದಿರೆಯ ಡಾಕ್ಟರು ಹುಳದ ಮದ್ದು ಕೊಟ್ಟರು. ಹುಳ ಬಿತ್ತು, ಹೆದರಿಕೆ ಬೀಳಲಿಲ್ಲ.

ಕಡೆಗೆ ಮೊನ್ನೆ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಬಾಯಿ ಬಿಟ್ಟಳು.

“ಅಜ್ಜೀ, ನರಕದಲ್ಲಿ ನಮ್ಮ ಹಂಡೆಯ ಹಾಗಿನ ಕೊಪ್ಪರಿಗೆ ಉಂಟಂತೆ. ಕುದಿಯುವ ಎಣ್ಣೆಯಂತೆ. ಕಳ್ಳು ಕುಡಿದವರನ್ನೂ ಚರ್ಚಿಗೆ ಬಾರದವರನ್ನೂ ಅದರಲ್ಲಿ ಹಾಕ್ತಾರಂತೆ. ಸಂಡೇ ಸ್ಕೂಲಿನಲ್ಲಿ ಉಪದೇಶಿ ಮಾಮ ಹೇಳಿದ್ರು.” ಸ್ವಲ್ಪ ತಡೆದು ಕೇಳಿದಳು: “ಅಜ್ಜ ಎರಡೂ ಅಲ್ವಾ?”

ಹೌದು, ಎರಡೂ. ನನ್ನ ಯಜಮಾನರು ಕಳ್ಳು ಕುಡಿಯುತ್ತಿದ್ದರು. ಚರ್ಚಿಗೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ, ಅದೂ ಬಾಗಿಲ ಪಕ್ಕದ ಬೆಂಚಿಗೆ. ಹೊಸ ಪೈಸೆ ಬಂದ ವರ್ಷ ತೀರಿಹೋದರು. ಆದರೆ ನೆರೆಮನೆಯ ಕರು ಬಾವಿಗೆ ಬಿದ್ದಾಗ ಹಗ್ಗ ಕಟ್ಟಿಕೊಂಡು ಇಳಿದದ್ದು ಆ ಮನುಷ್ಯ; ತಪ್ಪದೆ ಚರ್ಚಿಗೆ ಹೋಗುವವರೆಲ್ಲ ಮೇಲೆ ನಿಂತು ಬುದ್ಧಿ ಹೇಳುತ್ತಿದ್ದರು. ನನ್ನ ಯಜಮಾನರನ್ನು ಯಾರು ಬೇಯಿಸುತ್ತಾರೋ ನೋಡುವ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಉಪದೇಶಿಯ ಮನೆಗೆ ಹೋದೆ.

“ಬೈಬಲಿನಲ್ಲಿ ಕೊಪ್ಪರಿಗೆ ಎಲ್ಲಿ ಉಂಟು? ತೋರಿಸಿ.”

“ನೀವು ಎಷ್ಟು ಓದಿದ್ದೀರಿ, ಅಕ್ಕ?”

“ಎರಡನೇ ಕ್ಲಾಸು. ಕೊಪ್ಪರಿಗೆ ಅಂತ ಬರೆದಿದ್ರೆ ಓದ್ಲಿಕ್ಕೆ ಅಷ್ಟು ಸಾಕು.”

“ಮಕ್ಕಳಿಗೆ ಸ್ವಲ್ಪ ಹೆದರಿಕೆ ಬೇಕು. ಇಲ್ಲದಿದ್ರೆ ಚರ್ಚಿಗೆ ಯಾರು ಬರ್ತಾರೆ?”

“ಹೆದರಿ ಹೆದರಿ ಊಟ ಬಿಟ್ಟಿದ್ದಾಳೆ. ಚರ್ಚಿಗೆ ಬರ್ಲಿಕ್ಕೆ ಕಾಲಿಗೆ ಬಲ ನೀವು ಕೊಡ್ತೀರಾ?”

ನಮ್ಮ ಸಭೆಯ ಪಾದ್ರಿ ಅಯ್ಯನವರು ಇವತ್ತು ಮಧ್ಯಾಹ್ನ ಮನೆಪ್ರಾರ್ಥನೆಗೆಂದು ಬಂಟ್ವಾಳದ ಬಸ್ಸಿನಿಂದ ಇಳಿದರು. ಉಪದೇಶಿಯೂ ಜೊತೆಗಿದ್ದರು. ಜಗಲಿಯಲ್ಲಿ ಕೂರಿಸಿ ಬೈಬಲು ಕೈಗೆ ಕೊಟ್ಟೆ. “ನರಕದ ವಿಷಯ ಎಲ್ಲೆಲ್ಲಿ ಉಂಟೋ ಎಲ್ಲ ಓದಿ, ಅಯ್ಯನವರೇ. ಕಾಫಿ ಆಮೇಲೆ.” ಮಗು ಕಂಬ ಹಿಡಿದು ನಿಂತಿತ್ತು. ಮಜ್ಜಿಗೆ ಕೊಡಲಿಕ್ಕೆ ಬಂದ ನೆರೆಮನೆಯ ಅಕ್ಕ ಮೆಟ್ಟಿಲ ಮೇಲೆಯೇ ಕುಳಿತಳು.

ಅಯ್ಯನವರು ಹಾಳೆ ಮಗುಚಿ ಮಗುಚಿ ಓದಿದರು. ಹಳೆಯ ಒಡಂಬಡಿಕೆಯಲ್ಲಿ ಹೆಚ್ಚಾಗಿ ಬರುವ ಹೆಸರು ಪಾತಾಳ. ಸತ್ತವರು ಇಳಿಯುವ ಜಾಗ. ಮಗನನ್ನು ಕಳಕೊಂಡ ಮುದುಕ ತಂದೆಯೊಬ್ಬ ತಾನೂ ಅಳುತ್ತಾ ಅಲ್ಲಿಗೇ ಇಳಿಯುತ್ತೇನೆ ಎನ್ನುತ್ತಾನೆ, ಅವನೇನು ಪಾಪಿಯೆಂದು ಅಲ್ಲ. ಹೊಸದರಲ್ಲಿ ಬೆಂಕಿಯ ಕೆರೆ ಉಂಟು, ಆರದ ಬೆಂಕಿ ಉಂಟು, ಸಾಯದ ಹುಳ ಉಂಟು. ಹೊರಗಿನ ಕತ್ತಲೆ ಉಂಟು, ಅಲ್ಲಿ ಅಳು, ಹಲ್ಲು ಕಡಿಯುವುದು. ಹೆದರಿಕೆಯ ಮಾತುಗಳೇ. ಅಯ್ಯನವರು ಒಂದನ್ನೂ ನುಂಗಲಿಲ್ಲ, ನಾನೂ ಇಲ್ಲ ಎನ್ನಲಿಲ್ಲ.

“ಯೇಸು ಹೇಳಿದ ಮಾತು ಗೆಹೆನ್ನ,” ಎಂದರು. “ಅದನ್ನೇ ನಾವು ನರಕ ಅಂತೇವೆ. ಅದು ಯೆರೂಸಲೇಮಿನ ಹೊರಗಿನ ಒಂದು ಕಣಿವೆಯ ಹೆಸರು. ಹಿಂದಿನ ಕಾಲದಲ್ಲಿ ಕೆಲವರು ಅಲ್ಲಿ ತಮ್ಮ ಮಕ್ಕಳನ್ನೇ ಬೆಂಕಿಗೆ ಕೊಡ್ತಿದ್ರು. ಇಂಥದ್ದು ನನ್ನ ಮನಸ್ಸಿಗೇ ಬರಲಿಲ್ಲ ಅಂತ ದೇವರು ಸಿಟ್ಟಾಗ್ತಾನೆ.”

ನಾನು ಉಪದೇಶಿಯ ಕಡೆ ತಿರುಗಿದೆ. “ಕೇಳಿದ್ರಾ? ಮಕ್ಕಳಿಗೆ ಬೆಂಕಿ ತೋರಿಸಿದ ಜಾಗದ ಹೆಸರೇ ನರಕಕ್ಕೆ ಬಂದದ್ದು!”

ಅವರು ಹೆಗಲ ಶಾಲು ಸರಿಮಾಡಿಕೊಂಡರು.

“ಕೊಪ್ಪರಿಗೆ, ಅಯ್ಯನವರೇ?”

“ಇಲ್ಲ.”

“ಎಣ್ಣೆ?”

“ನರಕದಲ್ಲಿ ಎಲ್ಲಿಯೂ ಇಲ್ಲ.”

ನೆರೆಮನೆಯ ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಯ್ಯೋ ಮಾರಾಯ್ತಿ, ಎಣ್ಣೆ ಕೊಪ್ಪರಿಗೆ ನಮ್ಮ ಯಮನದ್ದು! ನಿಮ್ಮ ಉಪದೇಶಿಯವರು ಕೇಳದೆ ಕೊಂಡುಹೋದದ್ದಾ?”

“ಸಣ್ಣವನಿರುವಾಗ ಬಯಲಾಟದಲ್ಲಿ ನೋಡಿದ್ದು... ಮಕ್ಕಳಿಗೆ ಅರ್ಥ ಆಗ್ಲಿ ಅಂತ...” ಎಂದರು ಉಪದೇಶಿ.

“ವಾಪಸು ಕೊಟ್ಟುಬಿಡಿ,” ಎಂದೆ. “ಪರರ ಪಾತ್ರೆ ನಮಗೆ ಯಾಕೆ?”

ಅಷ್ಟರಲ್ಲಿ ಮಗು ಕಂಬ ಬಿಟ್ಟು ಮುಂದೆ ಬಂತು. “ಹಾಗಾದ್ರೆ ನಮ್ಮ ಅಜ್ಜ ಎಲ್ಲಿದ್ದಾರೆ?”

ಯಾರೂ ನಗಲಿಲ್ಲ. ಅಯ್ಯನವರು ಕನ್ನಡಕ ತೆಗೆದರು. “ಅದು ನನಗೆ ಗೊತ್ತಿಲ್ಲ, ಮಗಾ. ಉಪದೇಶಿಗೂ ಗೊತ್ತಿಲ್ಲ. ಪಾತಾಳದಲ್ಲಿ ಚಾಪೆ ಹಾಸಿ ಮಲಗಿದ್ರೂ ದೇವರು ಅಲ್ಲಿ ಇರ್ತಾನೆ, ಇಷ್ಟು ಮಾತ್ರ ಇದರಲ್ಲಿ ಉಂಟು.”

ಅವಳು ಯೋಚಿಸಿದಳು. ಆಮೇಲೆ ಯಾರಿಗೂ ಹೇಳದೆ ಹಿತ್ತಿಲ ಕಡೆ ನಡೆದಳು. ನಾನು ಹಿಂದೆಯೇ ಹೋದೆ. ಬಚ್ಚಲಿನಲ್ಲಿ ಒಲೆ ಉರಿಯುತ್ತಿತ್ತು. ತುದಿಗಾಲಿನಲ್ಲಿ ನಿಂತು ಹಂಡೆಯ ಮುಚ್ಚಳ ಸರಿಸಿ ಒಳಗೆ ಇಣುಕಿದಳು.

“ನೀರು ಮಾತ್ರ ಉಂಟು, ಅಜ್ಜಿ!”

ತಲೆಗೆ ಎಣ್ಣೆ ಹಚ್ಚಿ ಬೆನ್ನು ತಿಕ್ಕಿ ಮೀಯಿಸಿದೆ. ಹಬೆಯಲ್ಲಿ ನನ್ನ ಕಣ್ಣೀರು ಯಾರಿಗೂ ಕಾಣಲಿಲ್ಲ. ಕಂಡರೂ ನಾಚಿಕೆಯೇನು!

ಸಂಜೆ ಮಗ ವೇಣೂರಿನಿಂದ ಬಂದವನು ಮಗಳ ಒದ್ದೆ ಕೂದಲು ಮುಟ್ಟಿ ಮುಟ್ಟಿ ನೋಡಿದ. ಸೊಸೆ ಬಂಗುಡೆ ಸಾರು ಮಾಡಿದ್ದಳು. ನಾವೆಲ್ಲ ಅಡುಗೆಮನೆಯಲ್ಲೇ ಸಾಲಾಗಿ ಕುಳಿತೆವು. ಸೊಸೆ ಅಭ್ಯಾಸಬಲದಿಂದ ಮಗುವಿಗೆ ಆರಿದ ಗಂಜಿ ಬಡಿಸಿದಳು.

ಮಗು ಬಟ್ಟಲು ಮುಂದೆ ತಳ್ಳಿತು. “ಅಮ್ಮಾ, ಇದು ತಣ್ಣಗುಂಟು. ಕುದಿಯುವುದು ಕೊಡು.”