ನೀರಿನ ಖಬರು ಸತ್ತ ದಿನ

"ಅದರಾಗ ಇದನ್ನೂ ಒಂದು ಸೇರಿಸಿಬಿಡ್ರಿ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೂಂ ಎಂದು ತಲೆಯಾಡಿಸುವ ನನ್ನಂಥವರನ್ನು ಕಂಡರೆ ಇನ್ನೂ ಹೆಚ್ಚು ಉರಿಯಬೇಕು. ಆದರೆ ತನ್ನ ಮೇಲಿನ ಸಿಟ್ಟು ಯಾರಿಗೂ ಅಷ್ಟು ಬೇಗ ಏರುವುದಿಲ್ಲ, ನೋಡಿ.

ಬೆಟಗೇರಿಯ ನಮ್ಮ ಓಣಿಗೆ ನಲ್ಲಿ ನೀರು ಬರುವುದು ಎಂಟೊಂಬತ್ತು ದಿನಕ್ಕೊಮ್ಮೆ, ಅದಕ್ಕೂ ಹೊತ್ತುಗೊತ್ತಿಲ್ಲ. ಮಗ್ಗದ ಸದ್ದಿನಲ್ಲಿ ನಲ್ಲಿ ಸುರಿದರೂ ಕೇಳುವುದಿಲ್ಲ. ಅದಕ್ಕೇ ಓಣಿಯ ಸಂಘಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ವಾಲ್ವ್ ತಿರುಗಿಸುವ ಮಾಬುಸಾಬ ಮಿಸ್ ಕಾಲ್ ಕೊಟ್ಟರೆ ಸಾಕು, ಸಂಘದ ಕಂಪ್ಯೂಟರು ಎಲ್ಲರ ಫೋನಿಗೂ "ನೀರು ಬಂತು" ಎಂದು ಕಳಿಸುತ್ತದೆ. ಪರದೆಯ ಮೇಲೆ ಏನೂ ಕಾಣದು, ಹಿಂದೆ ಸುಮ್ಮನೆ ಕಾಯುತ್ತಿರುತ್ತದೆ.

ಅಧ್ಯಕ್ಷ ಈರಪ್ಪನವರಿಗೆ ಇದು ಬಹಳ ಹಿಡಿಸಿತು. ಅದರೊಳಗೆ ಸಭೆಯ ಸುದ್ದಿ ಸೇರಿತು, ತೀರಿಕೊಂಡವರ ಸುದ್ದಿ ಸೇರಿತು, ಕೊನೆಗೆ ಹುಟ್ಟುಹಬ್ಬದ ಶುಭಾಶಯ, ಅದೂ ಅಧ್ಯಕ್ಷರ ಫೋಟೋ ಸಮೇತ.

"ಇದನ್ನ ಬ್ಯಾರೆ ಇಡೂಣ್ರಿ, ಒಂದು ಬಿದ್ರ ಎಲ್ಲಾ ಬೀಳ್ತಾವ" ಎಂದೆ.

"ಒಂದ ಮನ್ಯಾಗ ನಾಕ ಮಂದಿ ಇರಂಗಿಲ್ಲೇನ್ರಿ?" ಎಂದರು.

ಇರುತ್ತಾರೆ, ಖರೆ. ಆದರೆ ಒಂದೇ ಪ್ರೋಸೆಸ್ಸಿನಲ್ಲಿ ಓಡುವ ಕೆಲಸಗಳು ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಒಬ್ಬನೇ ಎಲ್ಲ ನುಂಗಿದರೆ ಕಂಪ್ಯೂಟರು ಅವನೊಬ್ಬನನ್ನು ಹೊರಗೆ ಹಾಕುವುದಿಲ್ಲ, ಇಡೀ ಮನೆಯನ್ನೇ ಕೆಡವುತ್ತದೆ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಿರಮಿಟ್ಟು, ಮಿರ್ಚಿ ಬಂದವು, ತೆರೆದ ಬಾಯಿ ಅದಕ್ಕೇ ಆಯಿತು.

ಇನ್ನು ನಮ್ಮ ಕಡೆಯ ಹುಟ್ಟಿದ ದಿನದ ಕಥೆ ನಿಮಗೆ ಗೊತ್ತಿದ್ದದ್ದೇ. ಶಾಲೆಗೆ ಸೇರಿಸುವಾಗ ಅವ್ವ "ಮಳಿ ಹಿಡಿದಿತ್ತರಿ, ನಮ್ಮ ಎಮ್ಮಿ ಈದಿತ್ತು" ಎನ್ನುತ್ತಾಳೆ, ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಆಧಾರ್ ಕಾರ್ಡಿಗೂ ಅದೇ ಏರುತ್ತದೆ. ಆ ಕಾರ್ಡು ನೋಡಿಯೇ ಈರಪ್ಪನವರು ಪಟ್ಟಿ ತುಂಬಿಸಿದ್ದರು. ಲಕ್ಷ್ಮೇಶ್ವರದಿಂದ ಬಂದ ಸೊಸೆಯಂದಿರು, ಮುಂಡರಗಿಯ ಅಳಿಯಂದಿರು ಸೇರಿ ಅರ್ಧ ಓಣಿ ಒಂದೇ ದಿನ ಹುಟ್ಟಿತ್ತು!

ಆ ಜೂನ್ ಒಂದರ ಬೆಳಿಗ್ಗೆ ಶುಭಾಶಯದ ಕೆಲಸ ಎಲ್ಲರಿಗೂ ಹೋಗಬೇಕಾದ ಅಧ್ಯಕ್ಷರ ಫೋಟೋಗಳನ್ನು ಒಟ್ಟಿಗೆ ತೆರೆದು, ಮೆಮೊರಿಯನ್ನೆಲ್ಲ ನುಂಗಿ, ಮೊದಲ ಕೆಲವರಿಗೆ ಮಾತ್ರ ಕಳಿಸಿ ಸತ್ತಿತು. ಜೊತೆಗೆ ನೀರಿನ ಸುದ್ದಿಯೂ ಸತ್ತಿತು. ತಾಸಿನ ಮೇಲೆ ಮಾಬುಸಾಬ ಮಿಸ್ ಕಾಲ್ ಕೊಟ್ಟ. ಕೇಳುವವರಿರಲಿಲ್ಲ.

ನೇಯುವ ಗಂಗವ್ವನ ಮನೆಯಲ್ಲಿ ಮಗಳು ಬಾಣಂತಿ. ತಾಯಿ ಕೂಸಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು, ಮನೆಯಲ್ಲಿ ಬ್ಯಾರಲ್ ತಳ ಕಂಡಿತ್ತು. ಗಂಗವ್ವ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಗ್ಗಕ್ಕೆ ಕೂತಿದ್ದಳು. ಅದು ನಡುಗಿದ್ದೇ ತಡ ನಲ್ಲಿಗೆ ಓಡಿದಳು. ನೀರಿಲ್ಲ. ಫೋನಿನಲ್ಲಿ ಈರಪ್ಪನವರು ಕೈಮುಗಿದು ನಗುತ್ತಿದ್ದರು. ಮತ್ತೆ ಹೋಗಿ ಮಗ್ಗಕ್ಕೆ ಕೂತಳು. ಆಮೇಲೆ ನೀರು ಬಂದದ್ದೂ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಸಂಜೆ ಫೋನು ಹಿಡಿದು ನನ್ನ ಬಾಗಿಲಿಗೆ ಬಂದಳು. "ನಾ ಹುಟ್ಟಿದ್ದು ಶೀಗಿ ಹುಣ್ಣಿವಿಗಿರಿ. ಇವತ್ತ ನನಗ ಶುಭಾಶಯ ಯಾರು ಕೇಳಿದ್ರು? ನಾಳಿ ಕೂಸಿಗೆ ಏನ ಹಾಕಿ ಎರೀಲಿ?"

ಈರಪ್ಪನವರಿಗೆ ಫೋನು ಮಾಡಿದೆ. "ಬಂದ್ ಮಾಡಿ ಚಾಲೂ ಮಾಡ್ರಿ, ಆತು" ಎಂದರು. ಆತಂತೆ! ಪ್ರೋಗ್ರಾಂ ಚಾಲೂ ಆದೀತು, ಹರಿದುಹೋದ ನೀರು ಚಾಲೂ ಆಗುತ್ತದೆಯೇ? ಫೋನಿನಲ್ಲೇ ಅವರನ್ನು ಝಾಡಿಸಿದೆ. ಆಮೇಲೆ ನಮ್ಮ ಬ್ಯಾರಲ್ಲಿನ ನೀರನ್ನು ಕೊಡದಲ್ಲಿ ತುಂಬಿ ಗಂಗವ್ವನ ಮನೆಗೆ ಹೊತ್ತೆ.

ನಾಲ್ಕನೆಯ ಕೊಡ ಇಳಿಸಿಕೊಳ್ಳುತ್ತ ಅವಳು ಕೇಳಿದಳು: "ನಿಮಗ ಖಬರ ಬಂದಿತ್ತೇನ್ರಿ?"

"ಇಲ್ಲಬೇ. ಮನ್ಯಾಗ ಇದ್ದೆ, ನಮ್ಮಲ್ಲಿ ಮಗ್ಗ ಇಲ್ಲಲ್ಲ, ನಲ್ಲಿ ಸಪ್ಪಳ ಕೇಳಿ ತುಂಬಿದೆ."

ಅವಳು ಕೊಡವನ್ನು ಹಂಡೆಗೆ ಬಗ್ಗಿಸುತ್ತ ನನ್ನ ಮುಖ ನೋಡಿದಳು. ಬ್ಯಾರಲ್ ತುಂಬುವಷ್ಟು ಹೊತ್ತೂ ಸಂದೇಶ ಬಂದಿಲ್ಲವೆಂಬುದು ಆ ಪ್ರೋಗ್ರಾಂ ಬರೆದ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಮರುದಿನವೇ ನೀರಿನ ಸುದ್ದಿಗೆ ಬೇರೆ ಪ್ರೋಸೆಸ್ ಮಾಡಿದೆ. ಈಗ ನಮ್ಮ ಮನೆಯ ನಲ್ಲಿ ಎಷ್ಟೇ ಸುರಿಯಲಿ, ಫೋನಿಗೆ ಸುದ್ದಿ ಬರುವವರೆಗೂ ನಾನು ಕೊಡ ಇಡುವುದಿಲ್ಲ. ಹೆಂಡತಿ ಬೈಯುತ್ತಾಳೆ. ಬೈಯಲಿ.