ಕೊಳ್ಳಲು ಬಂದವರ ಕೈಗೆ ಕರಣೆ ಕೊಟ್ಟೆ

ಹೋದ ತಿಂಗಳು ಒಂದು ಭಾನುವಾರ, ನಮ್ಮ ಮನೆ ಕೊಳ್ಳಲು ಬಂದವರಿಂದಲೇ ನಾನು ಅಡುಗೆಮನೆಯ ಟೈಲ್ಸ್ ರಿಪೇರಿ ಮಾಡಿಸಿದೆ. ಬಿಟ್ಟಿಯಾಗಿ ಅಲ್ಲ, ಕೂಲಿ ಕೊಡಲೂ ಹೋದೆ. ಅದು ಇನ್ನೂ ದೊಡ್ಡ ಎಡವಟ್ಟು.

ನಗಬೇಡಿ. ಸರಿ, ನಗಿ. ನಮ್ಮವರು ಆವತ್ತಿನಿಂದ ನಗುತ್ತಲೇ ಇದ್ದಾರೆ.

ಕಟಪಾಡಿಯಲ್ಲಿ ನಮ್ಮದೊಂದು ಮನೆ. ನನ್ನ ಕೆಲಸ ಮಣಿಪಾಲದ ಕಾಲೇಜೊಂದರ ಲೈಬ್ರರಿಯಲ್ಲಿ. ಹದಿನೇಳು ವರ್ಷ ದಿನಾ ಕಟಪಾಡಿ ಜಂಕ್ಷನ್ನಿನಲ್ಲಿ ಬಸ್ಸಿಗೆ ನೇತುಬಿದ್ದು, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ನೇತುಬಿದ್ದು ಕೆಲಸಕ್ಕೆ ಹೋಗಿದ್ದೇನೆ. (ಇಸ್ತ್ರಿ ಹಾಕಿದ ಸೀರೆಯಲ್ಲಿ ನನ್ನನ್ನು ಕಂಡ ಸಹೋದ್ಯೋಗಿ ಒಬ್ಬರೂ ಇಲ್ಲ.) ಈ ವರ್ಷ ಕಾಲೇಜಿನ ಹಿಂಬದಿಯಲ್ಲೇ ಒಂದು ಪುಟ್ಟ ಫ್ಲ್ಯಾಟ್ ಕಣ್ಣಿಗೆ ಬಿತ್ತು. ಅಲ್ಲಿಂದ ಲೈಬ್ರರಿಗೆ ಆರು ನಿಮಿಷದ ನಡಿಗೆ. ವಾಚು ನೋಡಿಕೊಂಡು ಎರಡು ಸಲ ನಡೆದಿದ್ದೇನೆ.

ಫ್ಲ್ಯಾಟಿನ ಓನರಮ್ಮ ಹೇಳಿದರು, "ಚೌತಿವರೆಗೆ ಕಾಯ್ತೇನೆ. ಮತ್ತೆ ಬೇರೆಯವರಿಗೆ ಕೊಡ್ತೇನೆ."

ಕಟಪಾಡಿ ಮನೆ ಮಾರದೆ ಫ್ಲ್ಯಾಟ್ ಕೊಳ್ಳುವಂತಿಲ್ಲ. ಆ ಆರು ನಿಮಿಷಕ್ಕಾಗಿ ನಾನು ಏನು ಮಾಡಲೂ ತಯಾರಿದ್ದೆ.

ಮನೆ ಮಾರುವವರು ಮಾಡಬಾರದ ತಪ್ಪುಗಳು ಅಂತ ಯೂಟ್ಯೂಬಿನಲ್ಲಿ ಎಷ್ಟೊಂದು ವಿಡಿಯೋ! ಎಲ್ಲವನ್ನೂ ನೋಡಿದೆ. ನೋಟ್ಸ್ ಮಾಡಿಕೊಂಡೆ. ಆಮೇಲೆ ಒಂದೂ ಬಿಡದೆ ಎಲ್ಲವನ್ನೂ ಮಾಡಿದೆ.

ಕಾರ್ಕಳದಿಂದ ಬಂದ ಮೊದಲ ಪಾರ್ಟಿ ಅಪ್ಪಟ ಸಸ್ಯಾಹಾರಿಗಳು. ಅವರು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ ನಮ್ಮ ಕಾವಲಿಯಲ್ಲಿ ಬಂಗುಡೆ ಮೀನು ಚುರುಗುಟ್ಟುತ್ತಿತ್ತು. ಬಿಟ್ಟ ಚಪ್ಪಲಿಯನ್ನು ಹಾಗೇ ಮೆಟ್ಟಿಕೊಂಡು ಹೋದರು. ಕಾಪುವಿನಿಂದ ಬಂದ ಎರಡನೆಯವರಿಗೆ ಮನೆ ತುಂಬಾ ಹಿಡಿಸಿತ್ತು. ಆದರೆ ನನ್ನ ಗಂಡ ಸುಧಾಕರ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಸುಳ್ಳು ಬಿಡಿ, ಸುಮ್ಮನಿರಲೂ ಬರುವುದಿಲ್ಲ. ಯಾರೂ ಕೇಳದಿದ್ದರೂ, "ಮೇ ತಿಂಗಳಲ್ಲಿ ನಮ್ಮ ಬಾವಿ ಎರಡು ವಾರ ತಳ ಕಾಣ್ತದೆ," ಅಂದರು. ಕಾಪುವಿನವರು ಮತ್ತೆ ಫೋನ್ ಎತ್ತಲಿಲ್ಲ.

ಇನ್ನು ಮೇಲೆ ಪಾರ್ಟಿ ಬಂದಾಗ ನೀವು ಹಿತ್ತಲಿನಲ್ಲಿ ಇರತಕ್ಕದ್ದು ಅಂತ ಕಟ್ಟಪ್ಪಣೆ ಮಾಡಿದೆ. ಹುಳುಕನ್ನೆಲ್ಲ ಮುಚ್ಚುವುದು ಅಂತಲೂ ತೀರ್ಮಾನಿಸಿದೆ. ಮೊದಲು ಅಡುಗೆಮನೆಯಲ್ಲಿ ಎದ್ದಿದ್ದ ನಾಲ್ಕು ಟೈಲ್ಸ್. ಶನಿವಾರ ಬ್ರೋಕರ್ ದಿನೇಶನಿಗೆ ಫೋನ್ ಮಾಡಿದೆ.

"ನಾಳೆ ಬೆಳಿಗ್ಗೆ ಟೈಲ್ಸಿನವನನ್ನು ಕಳಿಸ್ತೇನೆ ಅಕ್ಕ. ಮತ್ತೆ ಹನ್ನೊಂದಕ್ಕೆ ಒಂದು ಪಾರ್ಟಿ ಉಂಟು. ಒಳ್ಳೆ ಪಾರ್ಟಿ. ಬಿಲ್ಡಿಂಗ್ ಲೈನಿನವರು."

ಬಿಲ್ಡಿಂಗ್ ಲೈನ್! ನನ್ನ ಕಣ್ಣ ಮುಂದೆ ಬಿಳಿ ಕಾರು ಬಂತು, ಕೂಲಿಂಗ್ ಗ್ಲಾಸು ಬಂತು. ಅಟ್ಟದಿಂದ ಪಿಂಗಾಣಿ ಕಪ್ಪುಗಳನ್ನು ಇಳಿಸಿ ತೊಳೆದಿಟ್ಟೆ.

ಭಾನುವಾರ ಹತ್ತು ಗಂಟೆ. ಗೇಟಿನ ಎದುರು ಹಳೇ ಸ್ಕೂಟರ್ ನಿಂತಿತು. ಗಂಡ, ಹೆಂಡತಿ. ಗಂಡನ ಕೈಯಲ್ಲಿ ಅಳತೆಯ ಟೇಪು.

"ಅಕ್ಕಾರ, ದಿನೇಶಣ್ಣ ಕಳಿಸ್ಯಾರ್ರಿ."

ಇನ್ನು ಕೇಳುವುದೇನಿದೆ? ನಮ್ಮ ಊರಿನ ಯಾವ ಗೇಟಿನಲ್ಲಿ ಬೇಕಾದರೂ ನೋಡಿ. ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬಿದ್ದರೆ ಸಾಕು, ಕೆಲಸಕ್ಕೆ ಬಂದವರು ಅಂತ ನಾವು ಫೈಲ್ ಕ್ಲೋಸ್ ಮಾಡಿಬಿಡುತ್ತೇವೆ. ನಾನೂ ಮಾಡಿದೆ.

"ಎಂತ ಮಾರಾಯ್ರೆ, ಇಷ್ಟು ಲೇಟಾ? ಬನ್ನಿ, ಬೇಗ ಒಳಗೆ ಬನ್ನಿ."

ಅವರ ಹೆಸರು ಯಮನೂರಪ್ಪ, ಹೆಂಡತಿ ಮಲ್ಲವ್ವ, ಊರು ಬಾಗಲಕೋಟೆ ಕಡೆ. ಇದನ್ನೆಲ್ಲ ವಿಚಾರಿಸಿದೆ. ಯಾಕೆ ಬಂದಿದ್ದೀರಿ ಅಂತ ಮಾತ್ರ ವಿಚಾರಿಸಲಿಲ್ಲ. ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದೆ.

"ಇಲ್ಲಿ ನೋಡಿ, ಟೈಲ್ಸ್ ಎದ್ದಿದೆ. ಹನ್ನೊಂದಕ್ಕೆ ಮನೆ ನೋಡ್ಲಿಕ್ಕೆ ಪಾರ್ಟಿ ಬರ್ತದೆ. ಅವರಿಗೆ ಗೊತ್ತೇ ಆಗ್ಬಾರ್ದು."

ಯಮನೂರಪ್ಪ ಹೆಂಡತಿಯ ಮುಖ ನೋಡಿದರು. ಮಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. (ಧೂಳಿಗೆ ಅಂದುಕೊಂಡೆ.)

"ಆತ್ರಿ. ಮತ್ತೇನೇನೈತಿ, ಎಲ್ಲಾ ಒಮ್ಮೆಗೇ ತೋರಿಸಿಬಿಡ್ರಿ."

ತೋರಿಸಿದೆ! ಕ್ಯಾಲೆಂಡರ್ ಸರಿಸಿ ಅದರ ಹಿಂದಿನ ಬಿರುಕು ತೋರಿಸಿದೆ. ಕಪಾಟು ಜರುಗಿಸಿ ಗೋಡೆಯ ತೇವ ತೋರಿಸಿದೆ. ಮಳೆಗಾಲದಲ್ಲಿ ಬಾತ್‌ರೂಮಿನ ಬಾಗಿಲು ಮುಚ್ಚಬೇಕಾದರೆ ಭುಜ ಹೇಗೆ ಕೊಡಬೇಕು ಅಂತ ಭುಜ ಕೊಟ್ಟೇ ತೋರಿಸಿದೆ.

"ಬ್ಯಾಸಗ್ಯಾಗ ಬಾವ್ಯಾಗ ನೀರಿರ್ತಾವೇನ್ರಿ?" ಮಲ್ಲವ್ವ ಕೇಳಿದರು.

"ಮೇ ತಿಂಗಳಲ್ಲಿ ಎರಡು ವಾರ ಕಷ್ಟ ಉಂಟು. ಪಾರ್ಟಿ ಹತ್ರ ಹೇಳ್ಬೇಡಿ ಆಯ್ತಾ?"

"ನಾ ಯಾಕ ಹೇಳ್ಲಿ ಬಿಡ್ರಿ," ಅಂತ ಮಲ್ಲವ್ವ ಗಲ್ಲ ಮುಟ್ಟಿಕೊಂಡು ಮಾತು ಕೊಟ್ಟರು.

ಯಮನೂರಪ್ಪ ಬೆಡ್‌ರೂಮು ಅಳೆದರು. ಹಾಲ್ ಅಳೆದರು. ಎದ್ದಿರುವ ಟೈಲ್ಸ್ ಅಡುಗೆಮನೆಯಲ್ಲಿ, ಅಳೆಯುತ್ತಿರುವುದು ಬೆಡ್‌ರೂಮು! ನನಗೆ ಅನುಮಾನ ಬರಬೇಡವೇ? ಬರಲಿಲ್ಲ. ಎಷ್ಟು ಶ್ರದ್ಧೆಯ ಮನುಷ್ಯ ಅಂತ ಮೆಚ್ಚಿಕೊಂಡೆ. ಸ್ಟೀಲ್ ಲೋಟದಲ್ಲಿ ಚಹಾ ತಂದು ಜಗಲಿಯಲ್ಲಿ ಕೊಟ್ಟೆ. ಆಮೇಲೆ ನಮ್ಮ ಶೆಡ್ಡಿನಲ್ಲಿದ್ದ ಹಳೇ ಕರಣೆಯನ್ನೂ ವೈಟ್ ಸಿಮೆಂಟನ್ನೂ ಕೈಗಿತ್ತು, "ಇನ್ನು ಶುರು ಮಾಡಿ, ಟೈಮಿಲ್ಲ," ಅಂದೆ.

ಅವರು ಒಂದು ಕ್ಷಣ ಕರಣೆ ನೋಡಿದರು. ನಕ್ಕರು. ಪ್ಯಾಂಟು ಮಡಚಿ ಕುಳಿತೇಬಿಟ್ಟರು. ಅರ್ಧ ಗಂಟೆಯಲ್ಲಿ ನಾಲ್ಕೂ ಟೈಲ್ಸ್ ನೆಟ್ಟಗೆ ಕೂತವು. ಎಂಥಾ ಕೈಗುಣ!

ನಾನು ಪರ್ಸ್ ತೆಗೆದೆ. "ಎಷ್ಟಾಯ್ತು?"

"ನಮ್ಮನಿ ಕೆಲಸಕ್ಕ ನಾವ ಪಗಾರ ತಗೊಂಡ್ರ ಹೆಂಗ್ರಿ ಅಕ್ಕಾರ?"

"ಎಂತ?"

"ಈ ಮನಿ ನಮಗ ಪಾಸಾತ್ರಿ."

ಅಷ್ಟರಲ್ಲಿ ಫೋನ್. ದಿನೇಶ. "ಅಕ್ಕ, ಟೈಲ್ಸಿನವ ಇವತ್ತು ಬರುವುದಿಲ್ಲ. ಪಾರ್ಟಿ ಮಾತ್ರ ಸ್ವಲ್ಪ ಬೇಗ ಹೊರಟಿದ್ದಾರಂತೆ. ಬಂದ್ರಾ?"

ಹಿತ್ತಲಿನಿಂದ ಒಂದು ಅಟ್ಟಹಾಸ ಕೇಳಿತು. ನಮ್ಮವರು ಅಡುಗೆಮನೆಯ ಕಿಟಕಿಯ ಹೊರಗೇ ನಿಂತಿದ್ದರು. ನನಗೆ ಬಾವಿಗೆ ಹಾರೋಣ ಅನ್ನಿಸಿತು. ಆದರೆ ಅದರ ನೀರಿನ ವರದಿಯನ್ನೂ ನಾನೇ ಕೊಟ್ಟಾಗಿತ್ತಲ್ಲ!

ಆಮೇಲೆ ಗೊತ್ತಾಯಿತು. ಯಮನೂರಪ್ಪ ಈ ಕಡೆಗೆ ಬಂದು ಹನ್ನೆರಡು ವರ್ಷ. ಈಗ ಟೈಲ್ಸ್ ಕಾಂಟ್ರಾಕ್ಟ್ ಅವರದೇ, ಕೈಕೆಳಗೆ ಆರು ಜನ. ಮಕ್ಕಳು ಇಲ್ಲಿನ ಶಾಲೆಯಲ್ಲಿ ಓದಿ, ಮನೆಯಲ್ಲಿ ಅಪ್ಪನಿಗೇ ತುಳು ಕಲಿಸುತ್ತವಂತೆ.

"ಮೊದಲೇ ಹೇಳ್ಬಾರ್ದಿತ್ತಾ?" ಅಂದೆ. ಅಳು, ನಗು ಎರಡೂ ಒಟ್ಟಿಗೆ ಬರುತ್ತಿದ್ದವು.

"ನಾಕು ಮನಿ ನೋಡಾಕ ಹೋಗಿದ್ವಿರಿ. ಎಲ್ಲಾ ಕಡೆ ಯಾವ ಕೆಲಸಕ್ಕ ಬಂದೀರಿ ಅಂತಾನ ಕೇಳಿದ್ರು. ಮನಿ ತಗೊಳ್ಳಾಕ ಅಂದ್ವಿ. ಗೇಟಿನಾಗ ಮಾತು ಮುಗೀತು. ನೀವು ಏನೂ ಕೇಳದ ಒಳಗ ಕರದ್ರಿ. ಹೇಳಿದ್ರ ಮತ್ತ ಹೊರಗ ಹಾಕ್ತೀರೇನೋ ಅಂತ ಸುಮ್ಮನಾದ್ವಿ."

ನಗುತ್ತಲೇ ಹೇಳಿದರು. ನನ್ನ ನಗು ಅಲ್ಲಿಗೆ ನಿಂತಿತು. ತುಂಬಾ ನಾಚಿಕೆಯಾಯಿತು.

ಓಡಿಹೋಗಿ ಪಿಂಗಾಣಿ ಕಪ್ಪಿನಲ್ಲಿ ಇನ್ನೊಂದು ಸಲ ಚಹಾ ತಂದೆ. ಮಲ್ಲವ್ವ ಕಪ್ಪನ್ನು ತಿರುಗಿಸಿ ನೋಡಿ, "ಇದರಾಗ ಭಾಳ ಕಮ್ಮಿ ಹಿಡೀತೈತ್ರಿ. ಸ್ಟೀಲಿಂದ ಚಲೋ ಇತ್ತು," ಅಂದರು.

ಮರುಕ ಪಡಬೇಕಾದ ಜನ ಇವರಲ್ಲ ಅಂತ ಮುಂದಿನ ಹತ್ತು ನಿಮಿಷದಲ್ಲಿ ತಿಳಿಯಿತು. ಯಮನೂರಪ್ಪ ಜೇಬಿನಿಂದ ಚೀಟಿ ತೆಗೆದರು. ಬಿರುಕು, ತೇವ, ಬಾಗಿಲು, ಬಾವಿ, ನನ್ನ ಬಾಯಿಂದ ಬಂದದ್ದೆಲ್ಲ ಅದರಲ್ಲಿತ್ತು. ಒಂದೊಂದಕ್ಕೂ ರೇಟು ಇಳಿಸುತ್ತಾ ಹೋದರು. ಯಾವ ಬಾಯಿಂದ ವಾದ ಮಾಡಲಿ? ಕೊನೆಗೆ ಮಲ್ಲವ್ವನೇ ನನ್ನ ಪರ ನಿಂತರು. "ಟೈಲ್ಸಿಂದು ಕಾಟು ಹಾಕ್ರಿ, ಅದು ರಿಪೇರಿ ಆತಲ್ಲ." ನಮ್ಮವರು ಲೆಕ್ಕ ಸರಿಯಾಗಿದೆ ಅಂತ ಖುಷಿಯಿಂದ ತಲೆಯಾಡಿಸಿದರು.

ಚೌತಿಗೆ ಒಂಬತ್ತು ದಿನ ಮುಂಚೆ ಮನೆಯ ಕ್ರಯಪತ್ರ ಬರೆಸಲು ಉಡುಪಿಯ ಆಫೀಸೊಂದಕ್ಕೆ ಹೋದೆವು. ಯಮನೂರಪ್ಪ ಹೊಸ ಬಿಳಿ ಅಂಗಿ, ಮಲ್ಲವ್ವ ಇಳಕಲ್ ಸೀರೆ. ಆಫೀಸಿನ ಹುಡುಗಿ ನನಗೂ ನಮ್ಮವರಿಗೂ ಕುರ್ಚಿ ಎಳೆದು ಹಾಕಿದಳು. ಆಮೇಲೆ ನಿಂತೇ ಇದ್ದ ಅವರಿಬ್ಬರತ್ತ ತಿರುಗಿ, "ನೀವು ಸಾಕ್ಷಿಗೆ ಬಂದವರಾ? ಮನೆ ತಗೊಳ್ಳುವವರು ಎಲ್ಲಿ?" ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು! ದಡಕ್ಕನೆ ಎದ್ದೆ. "ಎಂತ ಕೇಳುವುದು ನೀವು? ಮನುಷ್ಯರನ್ನು ಕಂಡರೆ ಗೊತ್ತಾಗುವುದಿಲ್ವಾ? ಅವರೇ ಓನರ್!" ಅಂತ ಇಡೀ ಆಫೀಸಿಗೆ ಕೇಳುವ ಹಾಗೆ ಕೂಗಾಡಿದೆ. ಹುಡುಗಿ ಬೆವೆತು ಇನ್ನೆರಡು ಕುರ್ಚಿ ತಂದಳು. ಮಲ್ಲವ್ವ ಕುಳಿತು, ನನ್ನ ಮುಖ ನೋಡಿ, ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮನೆ ಮಾರಿ ಆದ ಮೇಲೆ ಇಂಥ ಸಿಟ್ಟು ಬರುವುದು ಎಷ್ಟು ಸುಲಭ, ಅಲ್ವಾ?