ಎದ್ದು ನಿಂತ ಕರು ಕಂಡರೆ ಹೆದರುವ ಚಿಕ್ಕಮ್ಮ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪಶು ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಚಿಕ್ಕಮ್ಮ ಒಣಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಎಳೆಗರುವಿನ ತಲೆ, ಅಂಗೈಯೊಳಗೆ ಅದರ ಕಿವಿ. ಹೊಕ್ಕುಳಿನಿಂದ ಒಳಹೊಕ್ಕ ನಂಜು ರಕ್ತಕ್ಕೇರಿದೆ. ಕಿವಿ ತಣ್ಣಗಿದೆ. ಚಿಕ್ಕಮ್ಮ ಕಿವಿಯಂಚಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಯಂತ್ರಕ್ಕೆ ತಾಗಿಸುತ್ತಾರೆ. ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವಂಥದ್ದೇ ಯಂತ್ರ.

“ಮನೇಲಿ ಅತ್ತೆಗೆ ಸಕ್ಕರೆ ಜಾಸ್ತಿ, ಇಲ್ಲಿ ಇವುಗಳಿಗೆ ಕಮ್ಮಿ. ಎರಡೂ ಕಡೆ ಚುಚ್ಚೋಳು ನಾನೇ” ಎಂದು ನಗುತ್ತಾರೆ.

ಚಿಕ್ಕಮ್ಮ ಎಂಬುದು ಆಸ್ಪತ್ರೆಯವರು ಕರೆಯುವ ಹೆಸರು. ಹೆತ್ತವಳು ಹೊರಗಿನ ಕೊಟ್ಟಿಗೆಯಲ್ಲಿ ಕೂಗುತ್ತಿರುವಾಗ ಒಳಗೆ ನೋಡಿಕೊಳ್ಳುವವಳು ಚಿಕ್ಕಮ್ಮನಲ್ಲದೆ ಇನ್ನೇನು? ನೆಲ ಒರೆಸಲು ಸೇರಿದವರು ಇವರು. ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಎರಡು ಪಾಳಿ ಒಪ್ಪಿಕೊಂಡರು. ಈಗ ದಿನಕ್ಕೆ ನಾಲ್ಕೈದು ಕರುಗಳು ಇವರ ಕೈಗೆ ಬರುತ್ತವೆ. ನಂಜೇರಿದವುಗಳಲ್ಲಿ ಅರ್ಧ ಉಳಿದರೆ ಒಳ್ಳೆಯ ವಾರವಂತೆ. ಇವರ ಬಗ್ಗೆ ಬರೆಯಲು ಬಂದಿರುವ ನಾನು ಅದನ್ನು ಗುರುತು ಹಾಕಿಕೊಳ್ಳುತ್ತೇನೆ.

ಕೊಳವೆಯಿಂದ ಗ್ಲೂಕೋಸ್ ಹನಿಹನಿಯಾಗಿ ಕರುವಿನ ರಕ್ತನಾಳಕ್ಕೆ ಇಳಿಯುತ್ತದೆ. ಕಿಟಕಿಗೆ ಬಿಸಿಲು ಬರುವಷ್ಟರಲ್ಲಿ ಕರು ಕಣ್ಣು ಬಿಡುತ್ತದೆ. ಹಿಂಗಾಲು ಎತ್ತಿ, ಮುಂಗಾಲು ಊರಿ, ತೂರಾಡುತ್ತ ಎದ್ದು ನಿಂತೇಬಿಡುತ್ತದೆ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿ. ಪಕ್ಕದಲ್ಲೇ ನಿಂತ ಹಸುವಿನ ಯಜಮಾನರ ಕಣ್ಣಲ್ಲಿ ನೀರು. ಚಿಕ್ಕಮ್ಮ ಮಾತ್ರ ನಗುವುದಿಲ್ಲ. ಕೊಳವೆ ಮುಟ್ಟಬೇಡಿ ಎಂದು ಹೇಳಿ, ಹಾಲಿನ ಬಾಟಲಿಗಳನ್ನು ಕುದಿಸಲು ಪಕ್ಕದ ಕೋಣೆಗೆ ಹೋಗುತ್ತಾರೆ.

ಹೊರಗೆ ಹಸು ಮತ್ತೆ ಕೂಗುತ್ತದೆ. ಯಜಮಾನರಿಗೆ ತಡೆಯಲಾಗುವುದಿಲ್ಲ. ಕೊಳವೆ ಕಳಚಿ, ಕರುವನ್ನು ತಬ್ಬಿ ಎತ್ತಿಕೊಂಡು ತಾಯಿಯ ಕೆಚ್ಚಲಿಗೆ ಬಿಡುತ್ತಾರೆ. ನಾನೂ ನೋಡುತ್ತ ನಿಂತಿದ್ದೇನೆ, ತಡೆಯಬೇಕೆಂದು ಹೊಳೆಯುವುದೇ ಇಲ್ಲ. ಕರು ಕೆಚ್ಚಲಿಗೆ ಬಾಯಿ ಹಾಕುತ್ತದೆ, ಬಿಡುತ್ತದೆ, ಮತ್ತೆ ಹಾಕುತ್ತದೆ. ನಾವಿಬ್ಬರೂ ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಅದರ ಕಾಲು ಮಡಚಿಕೊಳ್ಳುತ್ತದೆ. ಕಣ್ಣು ಮೇಲೆ ಸಿಕ್ಕಿಕೊಂಡು, ಮೈ ಸೆಟೆದು, ನೆಲದ ಮೇಲೆ ಈಜುವಂತೆ ಕಾಲು ಬಡಿಯತೊಡಗುತ್ತದೆ. ನಾನು ಚಿಕ್ಕಮ್ಮನನ್ನು ಕೂಗುತ್ತೇನೆ.

ಚಿಕ್ಕಮ್ಮ ಓಡಿ ಬಂದು ಕಿವಿ ಚುಚ್ಚುತ್ತಾರೆ. ಯಂತ್ರ ಅಂಕಿಯನ್ನೇ ತೋರಿಸುವುದಿಲ್ಲ. ಸಕ್ಕರೆ ಅಳೆಯಲಾಗದಷ್ಟು ಕಡಿಮೆ.

ಕೂಗು ಕೇಳಿ ಬಂದ ಆಸ್ಪತ್ರೆಯ ಡಾಕ್ಟರಮ್ಮ ಮತ್ತೆ ಕೊಳವೆ ಸಿಕ್ಕಿಸುತ್ತಲೇ ವಿವರಿಸುತ್ತಾರೆ: “ನಂಜು ಜೋರಾದಾಗ ಕೆಲವು ಎಳೆಗರುಗಳ ಮೈ ಹದ ತಪ್ಪುತ್ತೆ. ಸಕ್ಕರೆ ಕೊಟ್ರೆ, ಅದನ್ನ ಇಳಿಸೋ ಇನ್ಸುಲಿನ್ ಬೇಕಾದ್ದಕ್ಕಿಂತ ಜಾಸ್ತಿ ಬಿಡುತ್ತೆ. ಈಗ ಕೊಳವೆ ಕಳಚಿ ಸಕ್ಕರೆ ನಿಂತೋಯ್ತು, ಇನ್ಸುಲಿನ್ ನಿಲ್ಲಲಿಲ್ಲ.”

ಕೊಂದರೆ ನಂಜು ಕೊಲ್ಲುತ್ತದೆ ಎಂದುಕೊಂಡಿದ್ದವನು ನಾನು. ಎಬ್ಬಿಸಿ ನಿಲ್ಲಿಸಿದ ಸಕ್ಕರೆ ಹೀಗೂ ಕೈಕೊಡುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟಿದ್ದಾರೆ. ಚಿಕ್ಕಮ್ಮ ಅವರನ್ನು ಬೈಯುವುದಿಲ್ಲ.

“ಬೇಕಂತ ಯಾರು ಮಾಡ್ತಾರಣ್ಣ? ಎದ್ದು ನಿಂತ ಕರೂನ ಅಮ್ಮನ ಹತ್ರ ಬಿಡೋಣ ಅಂತ ಎಲ್ರಿಗೂ ಅನ್ಸುತ್ತೆ. ನಂಗೂ ಅನ್ಸುತ್ತೆ.”

ಕಾಲು ಬಡಿಯುವುದು ನಿಲ್ಲುತ್ತದೆ. ಬಹಳ ಹೊತ್ತು ಕರು ಸುಮ್ಮನೆ ಮಲಗಿರುತ್ತದೆ. ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕಿವಿ ಬೆಚ್ಚಗಾಗುತ್ತದೆ. ಸಂಜೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಈ ಸಲ ಯಾರೂ ಜಾಗ ಬಿಟ್ಟು ಕದಲುವುದಿಲ್ಲ. ಯಜಮಾನರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿಕೊಂಡಿದ್ದಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಚಿಕ್ಕಮ್ಮನನ್ನು ಕೇಳುತ್ತೇನೆ. ಸಂಬಳದ ಮಾತು ಬರಬಹುದು ಎಂದು ನನ್ನ ಲೆಕ್ಕ. ಅವರು ಕರುವಿನ ಕಿವಿಯಿಂದ ಕೈ ತೆಗೆಯದೆ ಹೇಳುತ್ತಾರೆ:

“ಕರು ಎದ್ದಾಗ ಬೆಳಿಗ್ಗೆ ನಿಮಗಾಯ್ತಲ್ಲ ಖುಷಿ, ಅದು ನಂಗೂ ಒಂದು ಸಲ ಆಗ್ಬೇಕು ಸಾರ್.”